ಜರ್ಮನಿಯಲ್ಲಿ ಮನೆ ಕೆಲಸ ಕೆಟ್ಟರೆ: ಮೊದಲು ಗಡುವು, ಆಮೇಲೆ ಬೇರೆಯವರು

ಆನ್‌ಲೈನಲ್ಲಿ ಕೊಂಡದ್ದನ್ನು 14 ದಿನದೊಳಗೆ ವಾಪಸ್ ಮಾಡಬಹುದು, ಅಂಗಡಿಯ ಸಾಮಾನಿಗೆ ಎರಡು ವರ್ಷ ಮಾರಿದವರೇ ಹೊಣೆ. ಇದು ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ನಮ್ಮವರು ದುಡ್ಡು ಕಳೆದುಕೊಳ್ಳುವುದು ಬೇರೆ ಕಡೆ, ಮನೆಗೆ ಬಂದು ಕೆಲಸ ಮಾಡುವವರ ಹತ್ತಿರ.

ಟೈಲ್ಸ್, ಪೇಂಟಿಂಗ್, ರಿಪೇರಿ ಇವೆಲ್ಲ ಇಲ್ಲಿ ‘ವೆರ್ಕ್‌ಫೆರ್ಟ್ರಾಗ್’. ಅಂದರೆ ಫಲಿತಾಂಶಕ್ಕೆ ಹೊಣೆಯಾಗುವ ಒಪ್ಪಂದ. ಬಂದು ದುಡಿದರೆ ಸಾಲದು, ಕೆಲಸ ಒಪ್ಪಿದ ಹಾಗೆ ಮುಗಿದಿರಬೇಕು. ಜರ್ಮನ್ ಟ್ಯೂಷನ್ ಹಾಗಲ್ಲ, ಅದು ಬರೀ ದುಡಿಮೆಯ ಒಪ್ಪಂದ, ‘ಡೀನ್ಸ್ಟ್‌ಫೆರ್ಟ್ರಾಗ್’. ಮೇಷ್ಟ್ರು ಸರಿಯಾಗಿ ಪಾಠ ಮಾಡಿದ್ದರೆ ನೀವು ಬಿ1 ಮಟ್ಟದ ಭಾಷಾ ಪರೀಕ್ಷೆಯಲ್ಲಿ ಫೇಲಾದರೂ ಫೀಸು ವಾಪಸ್ ಬರುವುದಿಲ್ಲ.

ಸ್ಟುಟ್‌ಗಾರ್ಟಿನಲ್ಲಿ ಸ್ನೇಹಿತರೊಬ್ಬರು ತಮ್ಮ ಫ್ಲ್ಯಾಟಿನ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದರು. ಇಳಿಜಾರು ತಪ್ಪಿತ್ತು. ನೀರು ಜಾಲಿಗೆ ಹೋಗದೆ ಮೂಲೆಯಲ್ಲೇ ನಿಲ್ಲುತ್ತಿತ್ತು. ಟೈಲ್ಸ್ ಹಾಕಿದವನಿಗೆ ಫೋನಲ್ಲಿ ಬೈದರು, ಅವನು ‘ನೋಡೋಣ’ ಅಂದ. ಇವರಿಗೆ ತಾಳ್ಮೆ ಮುಗಿಯಿತು. ಬೇರೆಯವನನ್ನು ಕರೆಸಿ ಎಲ್ಲ ಕಿತ್ತು ಹಾಕಿಸಿ, ಬಿಲ್ಲನ್ನು ಮೊದಲಿನವನಿಗೆ ಕಳಿಸಿದರು. ‘ನನಗೆ ಸರಿಮಾಡಲು ಗಡುವೇ ಕೊಟ್ಟಿಲ್ಲವಲ್ಲ’ ಅಂತ ಉತ್ತರ ಬಂತು. ವಕೀಲರೂ ಅವನ ಮಾತೇ ಸರಿ ಅಂದರು. ಆ ದುಡ್ಡು ಹೋಯಿತು.

ಇದೇ ಬಲೆ. ಇಲ್ಲಿನ ಸಿವಿಲ್ ಕಾನೂನು ಬಿಜಿಬಿಯ 637ನೇ ಕಲಮಿನ ಪ್ರಕಾರ ಮೊದಲು ತಪ್ಪು ತಿಳಿಸಿ, ಸರಿಪಡಿಸಲು ಗಡುವು, ಅಂದರೆ ‘ಫ್ರಿಸ್ಟ್’ ಕೊಡಬೇಕು. ಅದು ಮುಗಿದ ಮೇಲೇ ಬೇರೆಯವರಿಂದ ಮಾಡಿಸಿ ಖರ್ಚು ಕೇಳಬಹುದು. ‘ನಾನು ಮಾಡುವುದೇ ಇಲ್ಲ’ ಅಂತ ಅವನು ಖಡಾಖಂಡಿತ ಹೇಳಿದ್ದರೆ ಗಡುವು ಬೇಕಿಲ್ಲ. ಆದರೆ ಅದನ್ನು ಸಾಬೀತು ಮಾಡಬೇಕಾದವರು ನೀವು. ಹಾಗಾಗಿ ಸುಮ್ನೆ ಗಡುವು ಕೊಟ್ಟುಬಿಡಿ. ‘ಬೇಗ ಮಾಡಿ’ ಅನ್ನಬೇಡಿ, ತಾರೀಕು ಬರೆಯಿರಿ. ಸಾಧಾರಣ ಕೆಲಸಕ್ಕೆ ಎರಡು ವಾರ ಕೊಡುವುದು ವಾಡಿಕೆ. ಏನು ಕೆಟ್ಟಿದೆ, ಫೋಟೋ, ಕೊನೇ ದಿನ, ‘ಅದು ದಾಟಿದರೆ ನಿಮ್ಮ ಖರ್ಚಿನಲ್ಲಿ ಬೇರೆಯವರಿಂದ ಮಾಡಿಸುತ್ತೇನೆ’ ಅನ್ನುವ ಮಾತು, ಇಷ್ಟು ಇದ್ದರೆ ಸಾಕು. ಪತ್ರ ಜರ್ಮನ್ ಭಾಷೆಯಲ್ಲೇ ಇರಲಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಲಿ. ವಾಟ್ಸಾಪಿನಲ್ಲಿ ಹೊಡೆದಾಡಿಕೊಂಡದ್ದು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಅಂತ ಪರೀಕ್ಷೆ ಮಾಡಲು ಹೋಗಬೇಡಿ.

ಕೆಲಸ ಮುಗಿದ ದಿನ ಕೆಲಸ ಸರಿಯಾಗಿದೆ ಅಂತ ಒಪ್ಪಿಕೊಳ್ಳುವ ಒಂದು ಕಾಗದ ಮುಂದಿಡುತ್ತಾರೆ, ‘ಅಬ್‌ನಾಮೆ’. ನೋಡದೆ ಸಹಿ ಹಾಕಬೇಡಿ. ಕಣ್ಣಿಗೆ ಬಿದ್ದ ತಪ್ಪನ್ನು ಅದರಲ್ಲೇ ಬರೆಸಿ. ಗೊತ್ತಿದ್ದೂ ಬರೆಸದೆ ಒಪ್ಪಿಕೊಂಡರೆ, ಆ ತಪ್ಪನ್ನು ಸರಿಮಾಡಿಕೊಡಿ ಅಂತ ಆಮೇಲೆ ಕೇಳುವ ಹಕ್ಕು ಹೋಗುತ್ತದೆ.

ಊರಿನಲ್ಲಾಗಿದ್ದರೆ ‘ಸೇವೆಯಲ್ಲಿ ನ್ಯೂನತೆ’ ಅಂತ ಗ್ರಾಹಕ ಆಯೋಗಕ್ಕೆ ಹೋಗಿ, ಮಾನಸಿಕ ಯಾತನೆಗೂ ಒಂದಷ್ಟು ಕೇಳಬಹುದಿತ್ತು. ಇಲ್ಲಿ ಟೈಲ್ಸ್‌ನಿಂದ ನಿಮಗಾದ ಯಾತನೆಗೆ ಬೆಲೆಯಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕಾನೂನೇ ಮೇಲು ಅನ್ನುತ್ತೇನೆ. ಆದರೆ ಗಡುವಿನ ಪತ್ರ ಹೋದ ಮೇಲೆ ಇಲ್ಲಿನ ಎಷ್ಟೋ ಕೆಲಸಗಾರರು ತೆಪ್ಪಗೆ ಬಂದು ಸರಿಮಾಡುತ್ತಾರೆ. ಬೆಂಗಳೂರಿನಲ್ಲಿ ಅಂಥ ಪತ್ರ ಬರೆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ವಾ? ಪತ್ರ ಬರೆಯಲು ಕಷ್ಟವಾದರೆ ಜರ್ಮನಿಯ ಪ್ರತಿ ರಾಜ್ಯದಲ್ಲೂ ಗ್ರಾಹಕ ಸಲಹಾ ಕೇಂದ್ರ, ‘ಫೆರ್‌ಬ್ರೌಖರ್‌ಸೆಂಟ್ರಾಲೆ’ ಇದೆ. ಕಡಿಮೆ ಫೀಸಿನಲ್ಲಿ ಸಲಹೆ ಕೊಡುತ್ತಾರೆ.

ಇನ್ನು, ‘ಬಿಲ್ ಬೇಡ ಅಂದರೆ ಕಮ್ಮಿಗೆ ಮಾಡಿಕೊಡುತ್ತೇನೆ’ ಅನ್ನುವವರಿಗೆ ಬಗ್ಗಬೇಡಿ. ತೆರಿಗೆ ತಪ್ಪಿಸಲು ಇಬ್ಬರೂ ಸೇರಿ ಹಾಗೆ ಮಾಡಿದರೆ ಒಪ್ಪಂದವೇ ರದ್ದು, ಕೆಲಸ ಕೆಟ್ಟರೆ ಏನೂ ಕೇಳುವ ಹಾಗಿಲ್ಲ ಅಂತ ಇಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲೇ ತೀರ್ಪು ಕೊಟ್ಟಿದೆ. ಬಿಲ್ ತೆಗೆದುಕೊಂಡು ಬ್ಯಾಂಕಿನಿಂದಲೇ ಕಟ್ಟಿದರೆ, ನೀವು ವಾಸವಿರುವ ಮನೆಯ ರಿಪೇರಿಯ ಕೂಲಿಯಲ್ಲಿ 20%, ವರ್ಷಕ್ಕೆ ಹೆಚ್ಚೆಂದರೆ 1200 ಯೂರೋ, ಆದಾಯ ತೆರಿಗೆಯಲ್ಲೇ ಕಡಿಮೆಯಾಗುತ್ತದೆ. ಬಿಲ್ಲಿನಲ್ಲಿ ಕೂಲಿ ಬೇರೆ, ಸಾಮಾನು ಬೇರೆ ಬರೆಸಿಕೊಳ್ಳಿ.