ಐಟಿ ಆಡಿಟ್ ಮಾಡುವುದು ಹೇಗೆ? ಪಟ್ಟಿ ಎಲ್ಲಿಂದ ಬಂತು ಎಂದು ಮೊದಲು ಕೇಳಿ

ಐಟಿ ಆಡಿಟ್ ಎಂದರೆ ಸಂಸ್ಥೆಯ ಕಂಪ್ಯೂಟರ್ ವ್ಯವಸ್ಥೆಗಳು ಸುರಕ್ಷಿತವಾಗಿ, ಸರಿಯಾಗಿ ನಡೆಯುತ್ತಿವೆಯೇ ಎಂಬ ತಪಾಸಣೆ. ಎಲ್ಲವನ್ನೂ ನೋಡುತ್ತೇನೆ ಎಂದು ಹೊರಟ ಆಡಿಟರ್ ಯಾವುದನ್ನೂ ಸರಿಯಾಗಿ ನೋಡುವುದಿಲ್ಲ. ಹಾಗಾಗಿ ಅಪಾಯ ಎಲ್ಲಿ ಜಾಸ್ತಿ ಎಂದು ಮೊದಲು ಹುಡುಕಿ. ಹಣ ಯಾವ ಸಾಫ್ಟ್‌ವೇರ್ ಮೂಲಕ ಹೋಗುತ್ತದೆ? ಗ್ರಾಹಕರ ಮಾಹಿತಿ ಎಲ್ಲಿದೆ? ಯಾವುದು ಒಂದು ದಿನ ನಿಂತರೆ ಕೆಲಸವೇ ನಿಲ್ಲುತ್ತದೆ?

ಆಮೇಲೆ ವ್ಯಾಪ್ತಿ, ಅವಧಿ, ಮಾನದಂಡ ಮೂರನ್ನೂ ಬರೆದು ಒಪ್ಪಿಗೆ ಪಡೆಯಿರಿ. ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ, ಅಂದರೆ ಅಪಾಯ ತಡೆಯುವ ಕ್ರಮಗಳು. ಒಂದೇ ಆಂತರಿಕ ಆಡಿಟ್‌ನಲ್ಲಿ ಅಷ್ಟನ್ನೂ ತುರುಕಬೇಕಿಲ್ಲ. ವ್ಯವಸ್ಥೆಯನ್ನು ನಡೆಸುವವರೇ ಅದರ ಆಡಿಟ್ ಮಾಡುವಂತಿಲ್ಲ.

ಇನ್ನು ಪರೀಕ್ಷೆ. ಕೆಲಸ ಬಿಟ್ಟವರ ಲಾಗಿನ್ ರದ್ದಾಗಿದೆಯೇ ಎಂದು ನೋಡಬೇಕು ಅಂದುಕೊಳ್ಳಿ. ಬಿಟ್ಟವರ ಪಟ್ಟಿಯನ್ನು ಐಟಿ ವಿಭಾಗದಿಂದ ತೆಗೆದುಕೊಳ್ಳಬೇಡಿ, ಎಚ್‌ಆರ್‌ನಿಂದ ಪಡೆಯಿರಿ. ಬಳಕೆದಾರರ ಪಟ್ಟಿಯನ್ನು ಅಡ್ಮಿನ್ ನಿಮ್ಮ ಕಣ್ಣೆದುರೇ ಸಿಸ್ಟಮ್‌ನಿಂದ ತೆಗೆಯಲಿ. ಬಳಸಿದ ಕ್ವೆರಿ (ಪಟ್ಟಿ ತೆಗೆಯಲು ಸಿಸ್ಟಮ್‌ಗೆ ಕೊಟ್ಟ ಆದೇಶ), ಸಮಯ, ಒಟ್ಟು ಸಾಲುಗಳ ಸಂಖ್ಯೆ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಮೇಲ್‌ನಲ್ಲಿ ಬಂದ ಎಕ್ಸೆಲ್‌ನಲ್ಲಿ ನಾಲ್ಕು ಸಾಲು ಅಳಿಸಿದ್ದರೆ ನಿಮಗೆ ಗೊತ್ತಾಗುವುದಾದರೂ ಹೇಗೆ? ಎಚ್‌ಆರ್ ಪಟ್ಟಿ, ಬಳಕೆದಾರರ ಪಟ್ಟಿ ಎರಡನ್ನೂ ತಾಳೆ ನೋಡಿ. ಬಿಟ್ಟವರ ಖಾತೆ ಇನ್ನೂ ಚಾಲ್ತಿಯಲ್ಲಿದ್ದರೆ ಅಲ್ಲಿಗೇ ನಿಲ್ಲಬೇಡಿ. ಕೊನೆಯ ಲಾಗಿನ್ ದಿನಾಂಕ ನೋಡಿ. ರದ್ದು ಮಾಡಲು ಮರೆತದ್ದು ಒಂದು ತಪ್ಪು. ಕೆಲಸ ಬಿಟ್ಟ ಮೇಲೂ ಯಾರೋ ಒಳಗೆ ಬಂದಿದ್ದರೆ ಅದರ ಕಥೆಯೇ ಬೇರೆ. ಗುತ್ತಿಗೆ ನೌಕರರು ಎಷ್ಟೋ ಕಡೆ ಎಚ್‌ಆರ್ ಪಟ್ಟಿಯಲ್ಲೇ ಇರುವುದಿಲ್ಲ, ಅವರನ್ನು ಬೇರೆಯಾಗಿ ಕೇಳಿ.

ಸಾಫ್ಟ್‌ವೇರ್ ಬದಲಾವಣೆಗಳಿಗೂ ಇದೇ ಜಾಗ್ರತೆ ಬೇಕು. ಅನುಮತಿ ಪತ್ರಗಳಿಂದ ಶುರು ಮಾಡಿದರೆ ಅನುಮತಿ ಇಲ್ಲದ ಬದಲಾವಣೆ ಎಂದೂ ಸಿಗುವುದಿಲ್ಲ. ಸರ್ವರ್‌ನಲ್ಲಿ ನಿಜವಾಗಿ ಆದ ಬದಲಾವಣೆಯನ್ನು ಹಿಡಿದು ಹಿಂದಕ್ಕೆ ಹೋಗಿ, ಅದಕ್ಕೆ ಅನುಮತಿ ಇತ್ತೇ ಎಂದು ನೋಡಿ. ಬ್ಯಾಕಪ್ ಆಗಿದೆ ಎಂಬ ವರದಿ ಸಾಲದು, ಒಂದು ಫೈಲನ್ನು ರಿಸ್ಟೋರ್ ಮಾಡಿಸಿ, ತೆರೆದು ನೋಡಿ.

ವರದಿಯಲ್ಲಿ ಏನಿರಬೇಕಿತ್ತು, ಏನಿದೆ, ಯಾಕೆ ಹೀಗಾಯಿತು, ಇದರಿಂದೇನು ತೊಂದರೆ, ಏನು ಮಾಡಬೇಕು ಎಂದು ಬರೆಯಿರಿ. 'ಯಾಕೆ' ಬಿಟ್ಟುಹೋದರೆ ಮುಂದಿನ ವರ್ಷ ಅದೇ ತಪ್ಪು ಮತ್ತೆ ಎದುರಾಗುತ್ತದೆ. ಅಂತಿಮಗೊಳಿಸುವ ಮುನ್ನ ಸಂಬಂಧಪಟ್ಟವರ ಜೊತೆ ಕೂತು ಮಾತಾಡಿ. ನಿಮಗೆ ಕಾಣದ ಇನ್ನೊಂದು ನಿಯಂತ್ರಣ ಅಲ್ಲಿರಬಹುದು, ಅಲ್ವಾ? ಪ್ರತಿ ತಪ್ಪಿಗೂ ಹೊಣೆಗಾರರ ಹೆಸರು, ಗಡುವು ಇರಲಿ. 'ಸರಿಪಡಿಸಿದ್ದೇವೆ' ಎಂಬ ಉತ್ತರ ಬಂದಾಗ ಹೊಸ ಪಟ್ಟಿ ತೆಗೆಸಿ, ಮತ್ತೊಮ್ಮೆ ತಾಳೆ ನೋಡಿದ ಮೇಲೆಯೇ ಕಡತ ಮುಚ್ಚಿ.