ಮನೆಗೆ ನೀವೇ ಸಿಸಿಟಿವಿ ಹಾಕುವಾಗ: ಮೊದಲು ಕೇಬಲ್, ಆಮೇಲೆ ಕ್ಯಾಮೆರಾ

ಕ್ಯಾಮೆರಾ ಕೆಟ್ಟರೆ ಹತ್ತು ನಿಮಿಷದಲ್ಲಿ ಬಿಚ್ಚಿ ಬೇರೆಯದನ್ನು ಹಾಕಬಹುದು. ಗೋಡೆಯೊಳಗೆ ಹೋದ ಕೇಬಲ್ ಕೆಟ್ಟರೆ ಗೌಂಡಿಯನ್ನು ಕರೆಸಿ ಗಿಲಾವು ಒಡೆಸಬೇಕು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಕ್ಯಾಮೆರಾದಲ್ಲಿ ಉಳಿಸಿ, ಕೇಬಲ್‌ನಲ್ಲಿ ಬೇಡ.

ಇಲ್ಲಿ ಹೇಳಿರುವುದು ನಾಲ್ಕು ಐಪಿ ಕ್ಯಾಮೆರಾ (ನೆಟ್‌ವರ್ಕ್ ಕೇಬಲ್‌ನಲ್ಲಿ ಚಿತ್ರ ಕಳಿಸುವಂಥದ್ದು) ಮತ್ತು ಒಂದು ಎನ್‌ವಿಆರ್ (ಆ ಚಿತ್ರ ದಾಖಲಿಸುವ ಪೆಟ್ಟಿಗೆ) ಇರುವ ಜೋಡಣೆ. ಚಿತ್ರವೂ ಕರೆಂಟೂ ಕ್ಯಾಟ್‌6 ಎಂಬ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುತ್ತವೆ. ಇದಕ್ಕೆ ಪಿಒಇ ಎನ್ನುತ್ತಾರೆ. ಗೋಡೆಯಲ್ಲಿ ಈಗಾಗಲೇ ಹಳೆ ಬಗೆಯ ರೆಕಾರ್ಡರ್ ಆದ ಡಿವಿಆರ್‌ನ ಕೊಯಾಕ್ಸಿಯಲ್ (ಟಿವಿ ಕೇಬಲ್‌ನಂಥ) ವೈರ್ ಇದ್ದು ಅದು ಸುಸ್ಥಿತಿಯಲ್ಲಿದ್ದರೆ ಕಿತ್ತು ಹಾಕಬೇಕಿಲ್ಲ, ಅದೇ ವ್ಯವಸ್ಥೆ ಮುಂದುವರಿಸಿ.

ಬೇಕಾಗುವ ಸಾಮಾನು: ಪಿಒಇ ಪೋರ್ಟ್ ಇರುವ 4 ಚಾನೆಲ್ ಎನ್‌ವಿಆರ್, 4 ಕ್ಯಾಮೆರಾ, 1 ಟಿಬಿಯ ಸರ್ವೇಲೆನ್ಸ್ ಹಾರ್ಡ್‌ಡಿಸ್ಕ್, 100 ಮೀಟರ್ ಕ್ಯಾಟ್‌6, 15 ಆರ್‌ಜೆ45 ಪ್ಲಗ್, 4 ಪಿವಿಸಿ ಜಂಕ್ಷನ್ ಬಾಕ್ಸ್, 20 ಮಿ.ಮೀ. ಪೈಪ್, ಕ್ರಿಂಪಿಂಗ್ ಟೂಲ್ (ಪ್ಲಗ್ ಒತ್ತಿ ಕೂರಿಸುವ ಇಕ್ಕಳ), ಕೇಬಲ್ ಟೆಸ್ಟರ್. ಪ್ಲಗ್ ಎಂಟೇ ಬೇಕು, ಆದರೆ ಮೊದಲ ಸಲ ಮಾಡುವವರ ಕೈಯಲ್ಲಿ ಒಂದಷ್ಟು ಹಾಳಾಗುತ್ತವೆ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265ರಲ್ಲಿ (ವಿಡಿಯೊ ಕುಗ್ಗಿಸುವ ವಿಧಾನ) 2 ಎಂಬಿಪಿಎಸ್‌ಗೆ (ಸೆಕೆಂಡಿಗೆ 2 ಮೆಗಾಬಿಟ್) ಇಟ್ಟರೆ ನಾಲ್ಕೂ ಸೇರಿ ದಿನಕ್ಕೆ ಸುಮಾರು 86 ಜಿಬಿ ತುಂಬುತ್ತದೆ. ಅಂದರೆ 1 ಟಿಬಿಯಲ್ಲಿ ಹನ್ನೊಂದು ದಿನದ ದಾಖಲೆ ನಿಲ್ಲುತ್ತದೆ. ಹದಿನೈದು–ಇಪ್ಪತ್ತು ದಿನ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು 2 ಟಿಬಿ ಹಾಕಿಸಿ. ಕ್ಯಾಮೆರಾ ಕೊಳ್ಳುವಾಗ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯೂಸಿಯ ಪ್ರಮಾಣಪತ್ರ ಇರುವ ಮಾದರಿಯನ್ನೇ ಕೇಳಿ. 2025ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಕೇಬಲ್ ಅಂಗಡಿಯಲ್ಲೇ ಪರೀಕ್ಷಿಸಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ಅಪ್ಪಟ ತಾಮ್ರ. ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಪೆಟ್ಟಿಗೆಯ ಮೇಲೆ ಸಿಸಿಎ ಎಂದಿರುತ್ತದೆ. ಹಗಲು ಅದರಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ. ರಾತ್ರಿ ಐಆರ್ ದೀಪ (ಕತ್ತಲಲ್ಲಿ ನೋಡಲು ಕ್ಯಾಮೆರಾದಲ್ಲಿರುವ ಇನ್‌ಫ್ರಾರೆಡ್ ದೀಪ) ಹೊತ್ತಿಕೊಂಡು ಕ್ಯಾಮೆರಾ ಹೆಚ್ಚು ಕರೆಂಟ್ ಎಳೆದಾಗ ದೂರದ ತುದಿಗೆ ವೋಲ್ಟೇಜ್ ಸಾಲದೆ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಿರುತ್ತದೆ. ‘ಕತ್ತಲಾದರೆ ಕ್ಯಾಮೆರಾ ಹೋಗುತ್ತದೆ’ ಎಂಬ ದೂರು ಬಂದಲ್ಲಿ ಮೊದಲು ನೋಡಬೇಕಾದದ್ದು ಕೇಬಲ್ಲನ್ನೇ. ಹೊರಗೆ ಬಿಸಿಲಿಗೆ ಬೀಳುವ ಕಡೆ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ ಹಾಕಿ. ವಿಜಯಪುರದ ಬೇಸಿಗೆಯಲ್ಲಿ ಸಾದಾ ಬೂದು ಕೇಬಲ್‌ನ ಹೊದಿಕೆ ಬಿರಿದು, ಮುಂದಿನ ಮಳೆಗೆ ಒಳಗೆ ನೀರು ಇಳಿಯುತ್ತದೆ.

ಕ್ಯಾಮೆರಾ ಎಲ್ಲಿ ಕೂರಬೇಕು ಎಂಬುದಕ್ಕೆ ಲೆಕ್ಕವಿದೆ. ಅಪರಿಚಿತನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. 2.8 ಮಿ.ಮೀ. ಲೆನ್ಸ್ ತುಂಬ ಅಗಲ ನೋಡುತ್ತದೆ, ಹಾಗಾಗಿ ಮುಖ ಸ್ಪಷ್ಟವಾಗಿ ಸಿಗುವುದು ಹತ್ತು ಅಡಿಯೊಳಗೆ ಮಾತ್ರ. 6 ಮಿ.ಮೀ. ಲೆನ್ಸ್‌ಗೆ ಅದೇ ಮುಖ ಇಪ್ಪತ್ತೈದು ಅಡಿಯವರೆಗೆ ಸಿಗುತ್ತದೆ. ಆದ್ದರಿಂದ ತಲಬಾಗಿಲಿಗೆ 2.8, ಗೇಟಿಗೆ 6. ಎತ್ತರ ಎಂಟರಿಂದ ಒಂಬತ್ತು ಅಡಿ ಸಾಕು. ಇನ್ನೂ ಮೇಲೆ ಹಾಕಿದರೆ ಕಳ್ಳನ ಟೋಪಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನೇರ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದರೆ ದಿನಕ್ಕೆ ಒಂದು ಹೊತ್ತು ಸೂರ್ಯ ಲೆನ್ಸಿಗೇ ಹೊಡೆಯುತ್ತಾನೆ. ಸ್ವಲ್ಪ ಓರೆ ಮಾಡಿ. ಸುಣ್ಣ ಬಳಿದ ಗೋಡೆ ಲೆನ್ಸಿನ ಬದಿಗೇ ಇದ್ದರೆ ರಾತ್ರಿ ಐಆರ್ ಬೆಳಕು ಅದಕ್ಕೆ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಪಕ್ಕದ ಮನೆಯ ಬಾಗಿಲು, ಕಿಟಕಿ ಚೌಕಟ್ಟಿನೊಳಗೆ ಬಂದರೆ ಎನ್‌ವಿಆರ್‌ನ ಪ್ರೈವೆಸಿ ಮಾಸ್ಕ್ ಹಾಕಿ ಮುಚ್ಚಿಬಿಡಿ.

ಗೋಡೆ ಕೊರೆಯುವ ಮಾತು. ಪ್ಲಗ್ ಹಾಕದ ಕೇಬಲ್ ಹಾಯಲು 10 ಮಿ.ಮೀ. ತೂತು ಸಾಕು, ಪ್ಲಗ್ ಆಮೇಲೆ ಹಾಕಿ. ತೂತು ಒಳಗಿನಿಂದ ಹೊರಕ್ಕೆ ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ಪಡಸಾಲೆಗೆ ಬರುತ್ತದೆ. ಬಾದಾಮಿ, ಗುಳೇದಗುಡ್ಡ, ಇಳಕಲ್ ಕಡೆಯ ಹಳೆ ಕಲ್ಲಿನ ಮನೆಗಳಲ್ಲಿ ಗೋಡೆ ಎರಡಡಿಗೂ ದಪ್ಪ. ಅಲ್ಲಿ ಕಲ್ಲು ಕೊರೆಯಲು ಹೋಗಬೇಡಿ, ಕಿಟಕಿ ಚೌಕಟ್ಟಿನ ಅಂಚು ಹಿಡಿದು ಕೇಬಲ್ ತನ್ನಿ. ಮಣ್ಣಿನ ಮಾಳಿಗೆಯನ್ನಂತೂ ಮುಟ್ಟಬೇಡಿ; ಅಗೆದ ಜಾಗ ಸೋರದೆ ಬಿಡುವುದಿಲ್ಲ. ಅಲ್ಲಿ ಬೆಳಕಿಂಡಿಯೇ ದಾರಿ.

ದನದ ಕೊಟ್ಟಿಗೆಗೋ ಗೇಟಿಗೋ ನೆಲದೊಳಗೆ ಕೇಬಲ್ ಒಯ್ಯುವುದಾದರೆ ಎರೆಭೂಮಿಯ ಸ್ವಭಾವ ನೆನಪಿರಲಿ. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಮಣ್ಣು ಪಿವಿಸಿ ಪೈಪಿನ ಜೋಡಣೆಗಳನ್ನು ಎಳೆದು ಬಿಡಿಸುತ್ತದೆ. ನಡುವೆ ಜೋಡಣೆಯೇ ಇಲ್ಲದ ಎಚ್‌ಡಿಪಿಇ ಕರಿ ಪೈಪನ್ನು ಎರಡಡಿ ಆಳಕ್ಕೆ ಹಾಕಿ. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಕೇಬಲ್ ಸಡಿಲ ಬಿಟ್ಟು ಪೈಪಿನ ಬಾಯಿ ಮುಚ್ಚಿ, ಇಲಿ ಹೊಗುತ್ತವೆ. ಮನೆಯ ವೈರಿಂಗ್‌ನಿಂದ ಒಂದಡಿ ದೂರ ಕಾಯ್ದುಕೊಳ್ಳಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿ. ಒಂದು ಕ್ಯಾಮೆರಾದ ಕೇಬಲ್ 100 ಮೀಟರ್ ಮೀರಬಾರದು.

ಪ್ಲಗ್ ಹಾಕುವಾಗ ಅದರ ಚಿಲಕ ಕೆಳಗೆ, ಹಿತ್ತಾಳೆ ಪಿನ್ ಮೇಲೆ ಇರುವಂತೆ ಹಿಡಿದು ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಎರಡೂ ಕಡೆ ಒಂದೇ ತಪ್ಪು ಕ್ರಮ ಹಾಕಿದರೂ ಟೆಸ್ಟರ್‌ನ ಎಂಟು ದೀಪ ಸರಿಯಾಗಿಯೇ ಹೊತ್ತುತ್ತವೆ, ಆದರೆ ಹೆಣೆದ ಜೋಡಿ ಒಡೆದು ಹೋಗಿರುವುದರಿಂದ ದೂರದ ಕ್ಯಾಮೆರಾದ ಚಿತ್ರ ನಿಂತು ನಿಂತು ಬರುತ್ತದೆ. ಕ್ಯಾಮೆರಾದ ಜೊತೆ ಬರುವ ನೀರುತಡೆ ಮುಚ್ಚಳವನ್ನು ಪ್ಲಗ್ ಹಾಕುವ ಮೊದಲೇ ಕೇಬಲ್‌ಗೆ ಪೋಣಿಸಿಕೊಳ್ಳಿ. ಆಮೇಲೆ ಅದು ತೂರುವುದಿಲ್ಲ. ಈ ಜೋಡಣೆ ಜಂಕ್ಷನ್ ಬಾಕ್ಸಿನೊಳಗೆ ಕೂರಲಿ, ಕೇಬಲ್ ಬಾಕ್ಸಿಗೆ ಕೆಳಗಿನಿಂದ, ಸ್ವಲ್ಪ ಜೋಲುಬಿಟ್ಟು ಬರಲಿ. ಖಾನಾಪುರ, ಬೆಳಗಾವಿ ಕಡೆಯ ಮಳೆಗೆ ಟೇಪ್ ಸುತ್ತಿದರೆ ಉಳಿಯುವುದಿಲ್ಲ.

ನಾಲ್ಕು ಕ್ಯಾಮೆರಾ, ಎನ್‌ವಿಆರ್, ರೌಟರ್ ಸೇರಿ ರಾತ್ರಿ ಸುಮಾರು 50 ವ್ಯಾಟ್. ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿ, ಇನ್ವರ್ಟರ್‌ನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ಸಾದಾ ಮೋಡ್‌ನಲ್ಲಿ ಬದಲಾವಣೆ ನಿಧಾನ, ಕರೆಂಟ್ ಹೋದಾಗಲೆಲ್ಲ ಎನ್‌ವಿಆರ್ ಮತ್ತೆ ಶುರುವಾಗಿ ಅಷ್ಟು ಹೊತ್ತಿನ ದಾಖಲೆ ತಪ್ಪುತ್ತದೆ. ಎನ್‌ವಿಆರ್ ಬಾಗಿಲು ಮುಚ್ಚಿದ ಕಪಾಟಿನಲ್ಲಿ ಬೇಡ, ಬಿಸಿಗೆ ಹಾರ್ಡ್‌ಡಿಸ್ಕ್ ಬೇಗ ಸಾಯುತ್ತದೆ. ಆದರೆ ಕಳ್ಳನ ಕಣ್ಣಿಗೆ ಬೀಳುವ ಟಿವಿ ಸ್ಟ್ಯಾಂಡೂ ಬೇಡ.

ಎಲ್ಲ ಜೋಡಿಸಿದ ಮೇಲೆ ಪಾಸ್‌ವರ್ಡ್ ಬದಲಿಸಿ, ಸಮಯವಲಯ +5:30ಕ್ಕೆ ಇಟ್ಟು ಗಡಿಯಾರ ಇಂಟರ್ನೆಟ್‌ನಿಂದ ತಾನೇ ಸರಿಹೋಗುವಂತೆ ಮಾಡಿ. ದಾಖಲೆಯ ಮೇಲೆ ತಪ್ಪು ಸಮಯವಿದ್ದರೆ ಪೊಲೀಸರ ಮುಂದೆ ಅದನ್ನೇ ವಿವರಿಸುತ್ತ ಕೂರಬೇಕಾಗುತ್ತದೆ. ಸ್ಕ್ರೂ ಕೊನೆಯ ಬಿಗಿತ ಬಿಗಿಯುವುದು ರಾತ್ರಿಯಾದ ಮೇಲೆ: ಒಬ್ಬರು ಗೇಟಿನಿಂದ ಬಾಗಿಲವರೆಗೆ ನಡೆದು ಬರಲಿ, ಇನ್ನೊಬ್ಬರು ಪರದೆಯಲ್ಲಿ ಮುಖ ಎಲ್ಲಿಂದ ಗುರುತು ಸಿಗುತ್ತದೆ ನೋಡಿ ಕೋನ ಹೇಳಲಿ. ತಿಂಗಳಿಗೊಮ್ಮೆ ಲೆನ್ಸಿನ ಧೂಳು, ಜೇಡರ ಬಲೆ ಒರೆಸಿ, ಹಿಂದಿನ ವಾರದ ಒಂದು ದಾಖಲೆ ತೆರೆದು ನೋಡಿ.