ಬೇಡದ ಕರೆ ತಡೆಯುವುದು ಹೇಗೆ? ಬ್ಲಾಕ್ ಮಾಡಿ, ದೂರನ್ನೂ ಕೊಡಿ

ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ ಪರ್ಸನಲ್ ಲೋನ್ ಬೇಕಾ ಎಂದು ಕೇಳುವ ಕರೆ. ಮಗು ಆಗಷ್ಟೇ ಕಣ್ಣು ಮುಚ್ಚಿದೆ ಎನ್ನುವಾಗ ಸೈಟು ಮಾರುವವರ ಕರೆ. ಆ ನಂಬರನ್ನು ಬ್ಲಾಕ್ ಮಾಡಿದರೆ ಮರುದಿನ ಬೇರೆ ನಂಬರಿನಿಂದ ಅದೇ ಮಾತು. ಹೀಗಾಗಿ 'ಬ್ಲಾಕ್ ಮಾಡಿ ಏನು ಉಪಯೋಗ?' ಎಂದು ಸುಮ್ಮನಾದವರೇ ಜಾಸ್ತಿ.

ಉಪಯೋಗ ಇದೆ. ಆದರೆ ಬ್ಲಾಕ್ ಮಾಡುವುದು ಅರ್ಧ ಕೆಲಸ ಮಾತ್ರ. ನಾವು ಬಾಗಿಲು ಹಾಕಿಕೊಂಡರೆ ಆತ ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ, ಅಷ್ಟೇ. ಆ ನಂಬರಿನಿಂದ ಯಾರಿಗೂ ಕರೆ ಹೋಗದಂತೆ ಮಾಡಬೇಕಾದರೆ ದೂರು ಬೇಕು. ದೂರು ಕೊಡುವುದು ನಾವು ಅಂದುಕೊಂಡಷ್ಟು ಕಷ್ಟವೂ ಅಲ್ಲ. ಎರಡನ್ನೂ ಒಂದೊಂದಾಗಿ ನೋಡೋಣ.

ಮೊದಲು ಯಾವ ನಂಬರ್ ಎಂದು ನೋಡಿ

ಸರಿಯಾಗಿ ನೋಂದಾಯಿಸಿಕೊಂಡು ಜಾಹೀರಾತಿನ ಕರೆ ಮಾಡುವ ಕಂಪನಿಗಳ ನಂಬರ್ 140ರಿಂದ ಶುರುವಾಗುತ್ತದೆ. ಬ್ಯಾಂಕು, ವಿಮೆಯಂತಹ ಸಂಸ್ಥೆಗಳು ನಿಮ್ಮ ಖಾತೆಯ ಕೆಲಸಕ್ಕೆಂದು ಮಾಡುವ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಹಾಗಾದರೆ ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಗೊತ್ತಿಲ್ಲದವರು ಕರೆ ಮಾಡಿ ಸಾಲ, ಸೈಟು, ಕ್ರೆಡಿಟ್ ಕಾರ್ಡ್ ಮಾರಿದರೆ? ಅದು ನಿಯಮ ಮುರಿದ ಕರೆ. ಅದರ ಮೇಲೆ ದೂರು ಕೊಡಬಹುದು. ಇದೊಂದು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಎಸ್ಸೆಮ್ಮೆಸ್‌ಗೂ ಈಗ ಇಂತಹ ಗುರುತು ಇದೆ. ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಗೆರೆ, ಅದರ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವ್ಯವಹಾರ, ಜಿ ಇದ್ದರೆ ಸರ್ಕಾರ.

1909ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸಿ

ಫೋನಿನ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಈ ಕೆಲಸ ಮುಗಿಸಿ. ಮೆಸೇಜ್ ಬಾಕ್ಸ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟಾರ್ಟ್ ಎಂದು ಬರೆಯಿರಿ. ಒಂದು ಜಾಗ ಬಿಟ್ಟು ಸೊನ್ನೆ ಒತ್ತಿ. 1909ಕ್ಕೆ ಕಳಿಸಿ. ನೋಂದಾಯಿತ ಕಂಪನಿಗಳ ಎಲ್ಲ ಜಾಹೀರಾತಿನ ಕರೆ, ಮೆಸೇಜುಗಳೂ ನನಗೆ ಬೇಡ ಎಂದು ಹೇಳಿದ ಹಾಗೆ ಇದು. ಇದನ್ನೇ ಡಿಎನ್‌ಡಿ ಎನ್ನುತ್ತಾರೆ. ಎಸ್ಸೆಮ್ಮೆಸ್ ತ್ರಾಸ ಎನ್ನಿಸಿದರೆ 1909ಕ್ಕೆ ಕರೆಯನ್ನೇ ಮಾಡಿ. ಅದಕ್ಕೆ ದುಡ್ಡಿಲ್ಲ.

ಎಲ್ಲವೂ ಬೇಡ ಎನ್ನುವುದು ಬೇಡವಾದರೆ ವಿಭಾಗಗಳೂ ಇವೆ. ಸೊನ್ನೆಯ ಬದಲು 1 ಎಂದರೆ ಬ್ಯಾಂಕು, ವಿಮೆ, ಸಾಲದ ಜಾಹೀರಾತು. 2 ರಿಯಲ್ ಎಸ್ಟೇಟ್. 3 ಶಿಕ್ಷಣ. 4 ಆರೋಗ್ಯ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗೆ ಕಾಲೇಜುಗಳಿಂದ ಎಷ್ಟು ಕರೆ ಬರುತ್ತವೆ ಎಂದು ಅಂತಹ ಅಪ್ಪ ಅಮ್ಮಂದಿರಿಗೆ ಗೊತ್ತು. ಅವರು ಬರೀ 3 ಕಳಿಸಿದರೂ ಸಾಕು.

ಡಿಎನ್‌ಡಿ ಹಾಕಿದರೆ ಒಟಿಪಿ ಬರುವುದಿಲ್ಲವೇನೋ, ಬ್ಯಾಂಕಿನಿಂದ ದುಡ್ಡು ಕಟ್ ಆದ ಮೆಸೇಜ್ ನಿಂತುಹೋಗುತ್ತದೇನೋ ಎಂದು ಹಲವರಿಗೆ ಭಯ. ಹಾಗೇನೂ ಆಗುವುದಿಲ್ಲ. ಅವು ಎಂದಿನಂತೆ ಬರುತ್ತವೆ.

ಒಂದು ಮಾತು. ಇದು ನೋಂದಾಯಿತ ಕಂಪನಿಗಳಿಗಷ್ಟೇ ತಡೆ. ಕದ್ದು ಕರೆ ಮಾಡುವವರು ಡಿಎನ್‌ಡಿ ಪಟ್ಟಿ ನೋಡಿ ಕರೆ ಮಾಡುವುದಿಲ್ಲ. ಅವರಿಗೆ ಮುಂದಿನ ದಾರಿಗಳು.

ಫೋನಿನಲ್ಲಿ ಬ್ಲಾಕ್ ಮಾಡುವುದು

ಗೂಗಲ್‌ನ ಫೋನ್ ಆ್ಯಪ್ ಇರುವ ಆಂಡ್ರಾಯ್ಡ್‌ನಲ್ಲಿ ಕರೆಗಳ ಪಟ್ಟಿ ತೆರೆಯಿರಿ. ಬೇಡದ ನಂಬರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬ್ಲಾಕ್ ಎಂಬ ಆಯ್ಕೆ ಕಾಣುತ್ತದೆ. ಫೋನಿನ ಭಾಷೆ ಕನ್ನಡಕ್ಕಿದ್ದರೆ 'ನಿರ್ಬಂಧಿಸಿ' ಎಂದಿರಬಹುದು. ಅದನ್ನು ಒತ್ತಿದಾಗ ಸ್ಪ್ಯಾಮ್ ಎಂದು ವರದಿ ಮಾಡಬೇಕೇ ಎಂದೂ ಕೇಳುತ್ತದೆ. ಮಾರಾಟದ ಕರೆಯಾದರೆ ಅದಕ್ಕೂ ಟಿಕ್ ಹಾಕಿ. ಪರಿಚಯದವರ ನಂಬರಾದರೆ ಟಿಕ್ ಬೇಡ.

ಸ್ಯಾಮ್‌ಸಂಗ್‌ನಲ್ಲಿ ಫೋನ್ ಆ್ಯಪ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋದರೆ ಬ್ಲಾಕ್ ನಂಬರ್ಸ್ ಎಂದಿರುತ್ತದೆ. ಅಲ್ಲಿ ನಂಬರನ್ನು ಟೈಪ್ ಮಾಡಿಯೂ ಸೇರಿಸಬಹುದು. ಬೇರೆ ಕಂಪನಿಗಳ ಫೋನಿನಲ್ಲಿ ಹೆಸರು ಚೂರು ಹೆಚ್ಚುಕಡಿಮೆ ಇರಬಹುದು, ದಾರಿ ಮಾತ್ರ ಇದೇ.

ಐಫೋನ್‌ನಲ್ಲಿ ಕರೆಗಳ ಪಟ್ಟಿಯಲ್ಲಿ ನಂಬರಿನ ಪಕ್ಕ ಸಣ್ಣ ವೃತ್ತದೊಳಗೆ ಐ ಅಕ್ಷರ ಕಾಣುತ್ತದೆ. ಅದನ್ನು ಒತ್ತಿ, ಪುಟದ ಕೆಳಗೆ ಹೋಗಿ. ಬ್ಲಾಕ್ ಮಾಡುವ ಸಾಲು ಕೆಂಪು ಅಕ್ಷರದಲ್ಲಿದೆ.

ಕೀಪ್ಯಾಡ್ ಫೋನ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಬ್ಲ್ಯಾಕ್‌ಲಿಸ್ಟ್ ಅಥವಾ ಅದೇ ಬಗೆಯ ಹೆಸರು ಇದೆಯೇ ಎಂದು ಹುಡುಕಿ. ಎಷ್ಟೋ ಮಾದರಿಗಳಲ್ಲಿ ಇರುತ್ತದೆ. ಇಲ್ಲದಿದ್ದರೆ 1909 ಹೇಗೂ ಇದೆ. ಅದಕ್ಕೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ.

ಬ್ಲಾಕ್ ಮಾಡಿದ್ದು ಆ ಕಡೆಯವರಿಗೆ ತಿಳಿಯುತ್ತದಾ? 'ನಿಮ್ಮನ್ನು ಬ್ಲಾಕ್ ಮಾಡಲಾಗಿದೆ' ಎಂಬ ಮೆಸೇಜ್ ಅವರಿಗೆ ಹೋಗುವುದಿಲ್ಲ. ಚೀಟಿ ಹಣ, ಕೈಸಾಲ ಎಂದು ದಿನಾ ಪೀಡಿಸುವ ಪರಿಚಯದವರನ್ನು ಬ್ಲಾಕ್ ಮಾಡಲು ಸಂಕೋಚಪಡುವವರಿಗೆ ಈ ವಿಷಯ ಸಮಾಧಾನ ಕೊಡಬಹುದು.

ಗೊತ್ತಿಲ್ಲದ ಎಲ್ಲ ನಂಬರನ್ನೂ ತಡೆಯಬೇಕಾ?

ಇಲ್ಲಿ ಮಾತ್ರ ಅವಸರ ಬೇಡ. ಐಫೋನ್‌ನಲ್ಲಿ ಅಪರಿಚಿತ ಕರೆಗಳ ಸದ್ದಡಗಿಸುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ನೀವು ಹೆಸರು ಉಳಿಸಿಕೊಳ್ಳದವರ ಕರೆ ರಿಂಗ್ ಆಗುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಕೇಳಲು ಹಿತವಾಗಿದೆ, ಅಲ್ವಾ? ಆದರೆ ಮಗಳ ಶಾಲೆಯ ಆಯಾ ತನ್ನ ಸ್ವಂತ ಫೋನಿನಿಂದ ಕರೆ ಮಾಡಿದರೆ? ರಸ್ತೆಯಲ್ಲಿ ಬಿದ್ದ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ ಯಾರೋ ಪುಣ್ಯಾತ್ಮರು ಕರೆ ಮಾಡಿದರೆ? ಗ್ಯಾಸ್ ಸಿಲಿಂಡರ್ ತರುವವರು, ಕೊರಿಯರ್‌ನವರು, ಲ್ಯಾಬಿನವರು, ಇವರೆಲ್ಲರೂ ನಮ್ಮ ಪಾಲಿಗೆ ಅಪರಿಚಿತ ನಂಬರುಗಳೇ. ಮನೆಯಲ್ಲಿ ಕಾಯಿಲೆಯವರು, ಶಾಲೆಗೆ ಹೋಗುವ ಮಕ್ಕಳು ಇದ್ದರೆ ಈ ಸೆಟ್ಟಿಂಗ್ ಸದಾ ಆನ್ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕಿಂತ ವಾಸಿಯಾದ ದಾರಿ ಸ್ಪ್ಯಾಮ್ ಫಿಲ್ಟರ್. ಗೂಗಲ್‌ನ ಫೋನ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಕಾಲರ್ ಐಡಿ ಮತ್ತು ಸ್ಪ್ಯಾಮ್ ಎಂಬ ಪುಟವಿದೆ. ಅದು ತುಂಬ ಜನ ಸ್ಪ್ಯಾಮ್ ಎಂದು ಗುರುತಿಸಿದ ನಂಬರುಗಳ ಬಗ್ಗೆ ಎಚ್ಚರಿಸುತ್ತದೆ. ಸ್ಯಾಮ್‌ಸಂಗ್‌ನಲ್ಲೂ ಇಂಥದೇ ಒಂದು ಇದೆ. ಏರ್‌ಟೆಲ್ 2024ರ ಸೆಪ್ಟೆಂಬರ್‌ನಿಂದ ತನ್ನ ನೆಟ್‌ವರ್ಕ್‌ನಲ್ಲೇ ಅನುಮಾನದ ಕರೆಗಳಿಗೆ ಗುರುತು ಹಾಕಿ ತೋರಿಸುತ್ತಿದೆ. ಟ್ರೂಕಾಲರ್‌ನಂತಹ ಆ್ಯಪ್‌ಗಳೂ ಉಪಯೋಗಕ್ಕೆ ಬರುತ್ತವೆ. ಆದರೆ ಅಂಥ ಆ್ಯಪ್ ಹಾಕಿಕೊಳ್ಳುವಾಗ ಅದು ಏನೇನಕ್ಕೆ ಅನುಮತಿ ಕೇಳುತ್ತಿದೆ ಎಂದು ಓದಿ ಆಮೇಲೆ ಒಪ್ಪಿ. ಫೋನಿನಲ್ಲಿರುವ ಹೆಸರು, ನಂಬರುಗಳು ನಮ್ಮವು ಮಾತ್ರ ಅಲ್ಲ, ನಮ್ಮನ್ನು ನಂಬಿ ಕೊಟ್ಟವರದ್ದೂ ಹೌದು.

ರಾತ್ರಿ ಹೊತ್ತಿಗೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುವ ಡು ನಾಟ್ ಡಿಸ್ಟರ್ಬ್ (ಇದು 1909ರ ಡಿಎನ್‌ಡಿ ಅಲ್ಲ) ಹಾಕಿ, ಮನೆಯವರ ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡಬಹುದು. ಒಂದೇ ನಂಬರಿನಿಂದ ಬೆನ್ನುಬೆನ್ನಿಗೆ ಎರಡು ಸಲ ಕರೆ ಬಂದರೆ ರಿಂಗ್ ಆಗಲಿ ಎಂಬ ಆಯ್ಕೆಯೂ ಅಲ್ಲಿದೆ. ತುರ್ತಿದ್ದವರು ಮತ್ತೊಮ್ಮೆ ಮಾಡಿಯೇ ಮಾಡುತ್ತಾರೆ. ಆ ಆಯ್ಕೆಯನ್ನು ಆನ್ ಇಟ್ಟುಕೊಳ್ಳಿ.

ದೂರು: ಎರಡು ನಿಮಿಷದ ಕೆಲಸ

ಮೊಬೈಲ್ ಕಂಪನಿಗಳ ಮೇಲೆ ಕಣ್ಣಿಡುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ಮಾಡಿದ ನಿಯಮಗಳನ್ನು 2025ರ ಫೆಬ್ರವರಿಯಲ್ಲಿ ಬಿಗಿ ಮಾಡಿತು. ಮೊದಲು ದೂರಿಗೆ ಮೂರು ದಿನವಷ್ಟೇ ಸಮಯವಿತ್ತು. ಈಗ ಕರೆ ಬಂದ ಏಳು ದಿನಗಳ ಒಳಗೆ ಕೊಡಬಹುದು. ನೋಂದಣಿ ಇಲ್ಲದೆ ಮಾಮೂಲಿ ನಂಬರಿನಿಂದ ಮಾರಾಟದ ಕರೆ ಮಾಡಿದವರ ಮೇಲೆ ದೂರು ಕೊಡಲು ನೀವು ಡಿಎನ್‌ಡಿ ಹಾಕಿಸಿರಲೇಬೇಕು ಎಂದೂ ಇಲ್ಲ. ಅಂಥವರ ಮೇಲೆ ಮೊಬೈಲ್ ಕಂಪನಿ ಐದು ದಿನಗಳಲ್ಲಿ ಕ್ರಮ ತೆಗೆದುಕೊಳ್ಳಬೇಕು. ಮೊದಲು ಇದಕ್ಕೆ 30 ದಿನ ಇತ್ತು.

ನಿಮ್ಮೊಬ್ಬರ ದೂರಿನಿಂದ ಏನಾಗುತ್ತದೆ ಎನ್ನಬೇಡಿ. ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಸಾಕು, ಕ್ರಮ ಶುರುವಾಗುತ್ತದೆ. ತಪ್ಪು ಸಾಬೀತಾದರೆ ಮೊದಲ ಸಲ ಆ ವ್ಯಕ್ತಿಯ ಹೊರಹೋಗುವ ಕರೆಗಳು 15 ದಿನ ಬಂದ್. ಮತ್ತೆ ಅದೇ ತಪ್ಪು ಮಾಡಿದರೆ ಎಲ್ಲ ಕಂಪನಿಗಳಲ್ಲಿರುವ ಅವರ ಸಂಪರ್ಕಗಳೂ ಒಂದು ವರ್ಷ ಕಡಿತ. ನಿಮ್ಮದು ಆ ಐದನೆಯ ದೂರು ಆಗಿರಬಹುದು.

ಕೊಡುವುದು ಹೀಗೆ. ಮೆಸೇಜಿನಲ್ಲಿ ಕರೆ ಯಾವುದರ ಬಗ್ಗೆ ಇತ್ತು ಎಂದು ಚುಟುಕಾಗಿ ಬರೆಯಿರಿ. ಅಲ್ಪವಿರಾಮ ಹಾಕಿ, ಕರೆ ಬಂದ ನಂಬರ್. ಮತ್ತೆ ಅಲ್ಪವಿರಾಮ ಹಾಕಿ, ದಿನ, ತಿಂಗಳು, ವರ್ಷ. 1909ಕ್ಕೆ ಕಳಿಸಿ. ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇಳಿಸಿಕೊಂಡರೆ ಇದು ಇನ್ನೂ ಸುಲಭ. ಉತ್ತರವಾಗಿ ದೂರಿನ ಸಂಖ್ಯೆ ಬರುತ್ತದೆ, ಅದನ್ನು ಅಳಿಸಬೇಡಿ.

ನೆನಪಿಡಿ, ದೂರು ಮೊದಲು, ಬ್ಲಾಕ್ ಆಮೇಲೆ. ಬ್ಲಾಕ್ ಮಾಡಿ ಪಟ್ಟಿಯಿಂದ ಅಳಿಸಿಬಿಟ್ಟರೆ ಆಮೇಲೆ ನಂಬರ್, ತಾರೀಕು ಎರಡೂ ಸಿಗುವುದಿಲ್ಲ.

ವಾಟ್ಸ್‌ಆ್ಯಪ್ ಬೇರೆಯೇ

ಫೋನಿನಲ್ಲಿ ಬ್ಲಾಕ್ ಆದವರು ವಾಟ್ಸ್‌ಆ್ಯಪ್‌ನಲ್ಲಿ ಆರಾಮಾಗಿ ಕರೆ ಮಾಡಬಹುದು. ಅಲ್ಲಿ ಬೇರೆಯಾಗಿಯೇ ಬ್ಲಾಕ್ ಮಾಡಬೇಕು. ಸೆಟ್ಟಿಂಗ್ಸ್, ಪ್ರೈವೆಸಿ, ಕಾಲ್ಸ್ ಎಂದು ಹೋದರೆ ಅಪರಿಚಿತರ ಕರೆ ಸದ್ದು ಮಾಡದಂತೆ ಇಡುವ ಬಟನ್ ಇದೆ. ಇದನ್ನು ಮಾತ್ರ ಎಲ್ಲರೂ ಆನ್ ಮಾಡಿಡಿ ಎಂದೇ ಹೇಳುತ್ತೇನೆ. ಆಸ್ಪತ್ರೆಯಿಂದ ತುರ್ತು ಸುದ್ದಿ ಬರುವುದು ಮಾಮೂಲಿ ಕರೆಯಲ್ಲಿ. ಪೊಲೀಸ್ ಸಮವಸ್ತ್ರ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ಹೆದರಿಸುವ ಕಳ್ಳರು ಬರುವುದು ಇಲ್ಲಿ.

ಮೋಸದ ಕರೆಗೆ ಬ್ಲಾಕ್ ಸಾಲದು

'ನಿಮ್ಮ ಸಿಮ್ ಎರಡು ಗಂಟೆಯಲ್ಲಿ ಬಂದ್ ಆಗುತ್ತದೆ, ನಾವು ಟ್ರಾಯ್‌ನವರು' ಎಂದರೆ ಅದು ಸುಳ್ಳು. ಟ್ರಾಯ್ ಯಾರಿಗೂ ಹೀಗೆ ಕರೆ ಮಾಡುವುದಿಲ್ಲ. ವಿಡಿಯೊ ಕಾಲ್‌ನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಸ್ಟಾರ್ 401 ಎಂದು ಶುರುವಾಗುವ ಸಂಖ್ಯೆ ಒತ್ತಿ ಎಂದು ಯಾರಾದರೂ ಹೇಳಿದರೆ ಒತ್ತಬೇಡಿ. ನಿಮಗೆ ಬರುವ ಕರೆಗಳು ಅವರ ಫೋನಿಗೆ ತಿರುಗುವಂತೆ ಮಾಡುವ ತಂತ್ರ ಅದು. ಗೊತ್ತಿಲ್ಲದ ಹೊರದೇಶದ ನಂಬರಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಕರೆ ಮಾಡಬೇಡಿ.

ದುಡ್ಡು ಹೋಗಿಲ್ಲ, ಬರೀ ಮೋಸದ ಪ್ರಯತ್ನ ನಡೆದಿದೆ ಎಂದಾದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ಚಕ್ಷು ಎಂಬ ವಿಭಾಗದಲ್ಲಿ ಆ ನಂಬರನ್ನು ತಿಳಿಸಿ. ವೆಬ್‌ಸೈಟ್, ಆ್ಯಪ್ ಎರಡರಲ್ಲೂ ಇದೆ. ದುಡ್ಡು ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ, ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಅಷ್ಟು ಹೆಚ್ಚು. ಮನೆಯವರು ಬೈದಾರು ಎಂದು ಮುಚ್ಚಿಡಬೇಡಿ.

ಬೆನ್ನುಬಿದ್ದು ಕಾಡುವವರಿದ್ದರೆ

ಇದು ಎಲ್ಲಕ್ಕಿಂತ ನೋವು ಕೊಡುವ ಬಗೆ. ಬೇಡ ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಒಬ್ಬ ವ್ಯಕ್ತಿ ಹೆಣ್ಣುಮಗಳಿಗೆ ಪದೇ ಪದೇ ಕರೆ, ಮೆಸೇಜ್ ಮಾಡುತ್ತಾನೆ. ಬ್ಲಾಕ್ ಮಾಡಿದರೆ ಹೊಸ ಸಿಮ್ಮಿನಿಂದ ಬರುತ್ತಾನೆ. ಕೊನೆಗೆ ಅವಳೇ ನಂಬರ್ ಬದಲಾಯಿಸಿಕೊಳ್ಳಬೇಕಾಗುತ್ತದೆ. ಇದು ನ್ಯಾಯವಲ್ಲ. ಹೀಗೆ ಬೆನ್ನುಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ.

ಇಂಥ ಸಂದರ್ಭದಲ್ಲಿ ಮೊದಲು ಸಾಕ್ಷಿ ಕೂಡಿಸಿ. ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಮೆಸೇಜುಗಳನ್ನು ಅಳಿಸಬೇಡಿ. ಯಾವ ದಿನ ಯಾವ ನಂಬರಿನಿಂದ ಕರೆ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. 'ನನಗೆ ಇಷ್ಟವಿಲ್ಲ, ಇನ್ನು ಸಂಪರ್ಕಿಸಬೇಡಿ' ಎಂದು ಒಂದೇ ಒಂದು ಸಲ ಬರಹದಲ್ಲಿ ಕಳಿಸಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಮತ್ತೆ ಉತ್ತರಿಸಬೇಡಿ, ವಾದಕ್ಕೂ ಇಳಿಯಬೇಡಿ. ಇವನ್ನೆಲ್ಲ ತೆಗೆದುಕೊಂಡು ಠಾಣೆಗೆ ಹೋಗಿ. ನಂಬಿಕೆಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಹಿಳಾ ಸಹಾಯವಾಣಿ 181. ಆ ಕ್ಷಣಕ್ಕೇ ಅಪಾಯ ಎನ್ನಿಸಿದರೆ 112.

ಮನೆಯ ಗಂಡಸರಿಗೆ ಒಂದು ವಿನಂತಿ. ಮಗಳೋ ತಂಗಿಯೋ ಇಂತಹ ಕರೆಯ ವಿಷಯ ಹೇಳಿದಾಗ ಅವಳ ಫೋನ್ ಕಿತ್ತುಕೊಳ್ಳಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಅವಳು ಹೇಳುವುದೇ ಇಲ್ಲ.

ಹಿರಿಯರ ಫೋನ್ ಸಿದ್ಧಮಾಡುವಾಗ

ಊರಿಗೆ ಹೋದಾಗ ಅಪ್ಪ ಅಮ್ಮನ ಫೋನ್ ತೆಗೆದುಕೊಂಡು ಅರ್ಧ ಗಂಟೆ ಕೂರಿ. ಬ್ಯಾಂಕು, ಡಾಕ್ಟರು, ಔಷಧಿ ಅಂಗಡಿ, ಪಕ್ಕದ ಮನೆಯವರು, ಹಾಲಿನವರು, ಇವರ ನಂಬರುಗಳನ್ನೆಲ್ಲ ಹೆಸರು ಹಾಕಿ ಉಳಿಸಿ. ಹೆಸರು ಕಂಡರೆ ಎತ್ತುವುದು, ಕಾಣದಿದ್ದರೆ ಯೋಚಿಸುವುದು ಅವರಿಗೆ ಸುಲಭವಾಗುತ್ತದೆ. ಸ್ಪ್ಯಾಮ್ ಎಚ್ಚರಿಕೆ ಬಂದಾಗ ಪರದೆ ಹೇಗೆ ಕಾಣುತ್ತದೆ ಎಂದು ತೋರಿಸಿ. 1909ಕ್ಕೆ ಎಸ್ಸೆಮ್ಮೆಸ್ ನೀವೇ ಕಳಿಸಿಕೊಡಿ. ಬ್ಲಾಕ್ ಮಾಡುವುದನ್ನು ಮಾತ್ರ ಅವರ ಕೈಯಿಂದಲೇ ಮಾಡಿಸಿ. 1909, 1930, 112 ಈ ಮೂರನ್ನೂ ದೊಡ್ಡದಾಗಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಬ್ಲಾಕ್ ತೆಗೆಯುವುದು

ಕೈತಪ್ಪಿ ಯಾರನ್ನೋ ಬ್ಲಾಕ್ ಮಾಡಿದ್ದರೆ ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಲಾಕ್ ಆದವರ ಪಟ್ಟಿ ಇದೆ. ಅಲ್ಲಿಂದ ತೆಗೆದುಹಾಕಿದರೆ ಆಯಿತು. ವರ್ಷಕ್ಕೊಂದೆರಡು ಸಲ ಆ ಪಟ್ಟಿಯ ಮೇಲೆ ಕಣ್ಣಾಡಿಸಿ. ಬಂದ್ ಆದ ಮೊಬೈಲ್ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಅದು ಬೇರೆಯವರ ಕೈಗೆ ಹೋಗಬಹುದು. ಹಳೆಯ ಕಾಟದ ನಂಬರ್ ಇವತ್ತು ನಿಮ್ಮ ಬೀದಿಯ ಎಲೆಕ್ಟ್ರಿಷಿಯನ್‌ನದ್ದಾಗಿರಬಹುದು. ಹೊಸ ಫೋನ್ ಕೊಂಡಾಗ ಬ್ಲಾಕ್ ಪಟ್ಟಿ ಜೊತೆಗೆ ಬಂದಿದೆಯೇ ಎಂದೂ ನೋಡಿಕೊಳ್ಳಿ. ಬಂದಿಲ್ಲದಿದ್ದರೆ ಹಳೆಯ ಫೋನನ್ನು ಮಾರುವ ಮುನ್ನವೇ ಆ ನಂಬರುಗಳನ್ನು ಬರೆದಿಟ್ಟುಕೊಂಡು ಹೊಸದರಲ್ಲಿ ಸೇರಿಸಿ.